ಪಲ್ಲಟ ಲಯ: ಬಾಗಲಕೋಟೆ ಸೀಮೆಯ ಹಾಡು ಮತ್ತು ವಾದ್ಯಗಳಲ್ಲಿ

ಪಲ್ಲಟ ಲಯ ಎಂದರೆ ತಾಳದಲ್ಲಿ ಸಹಜವಾಗಿ ಒತ್ತು ಬೀಳಬೇಕಾದ ಮಾತ್ರೆಯನ್ನು ಬಿಟ್ಟು, ಅದರ ಹಿಂದಿನ ಅಥವಾ ಮುಂದಿನ ದುರ್ಬಲ ಮಾತ್ರೆಯ ಮೇಲೆ, ಇಲ್ಲವೆ ಎರಡು ಮಾತ್ರೆಗಳ ನಡುವಿನ ಸಂದಿನಲ್ಲಿ ಒತ್ತು ಹಾಕುವ ಲಯವಿಧಾನ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಸಿಂಕೋಪೇಶನ್ ಎನ್ನುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಮತ್ತು ಸುತ್ತಲಿನ ಊರುಗಳಲ್ಲಿ ಈ ವಿಧಾನ ಹೋಳಿಯ ಹಲಗಿ, ಕರಡಿ ಮಜಲು, ಡೊಳ್ಳಿನ ಪದ, ಗೀಗೀ ಪದ, ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳ, ಹಿಂದೂಸ್ತಾನಿ ತಬಲಾ ವಾದನ ಇವುಗಳಲ್ಲಿ ಬಳಕೆಯಲ್ಲಿದೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತ ಬಂದ ತ್ರಿಪದಿಯ ಗಣರಚನೆಯಲ್ಲಿಯೂ ಇದು ಅಡಕವಾಗಿದೆ.

ಪರಿಭಾಷೆ

ಒತ್ತು ಜಾಗ ಬದಲಿಸಿದಂತೆ ಕೇಳಿಸುವುದೆಲ್ಲ ಪಲ್ಲಟ ಲಯವಲ್ಲ. ಇದರೊಡನೆ ಗೊಂದಲಕ್ಕೆ ಒಳಗಾಗುವ ಮೂರು ಸಂಗತಿಗಳನ್ನು ಬೇರೆಯಾಗಿಯೇ ಇಡಬೇಕು.

ಮೊದಲನೆಯದು ವಿಷಮ ತಾಳ. ಏಳು ಮಾತ್ರೆಯ ರೂಪಕವಾಗಲಿ, ಮೂರು–ನಾಲ್ಕರ ಭಾಮಿನಿ ಷಟ್ಪದಿಯಾಗಲಿ ಸಮಪಾಲಿನಲ್ಲಿ ಒಡೆಯುವುದಿಲ್ಲ. ಆದರೆ ಅವುಗಳ ಒತ್ತು ತನಗೆ ಗೊತ್ತುಮಾಡಿದ ಜಾಗದಲ್ಲಿಯೇ ಬೀಳುತ್ತದೆ. ವಿಷಮವಾದ ಮಾತ್ರಕ್ಕೆ ಅಲ್ಲಿ ಪಲ್ಲಟವಿದೆ ಎನ್ನಲಾಗದು. ಎರಡನೆಯದು ಎತ್ತುಗಡೆ, ಅಂದರೆ ಹಾಡು ಆವರ್ತದ ಯಾವ ಬಿಂದುವಿನಲ್ಲಿ ಶುರುವಾಗುತ್ತದೆ ಎಂಬುದು. ಖಯಾಲಿನ ಮುಖಡಾವನ್ನು ಆವರ್ತದ ಮೊದಲ ಮಾತ್ರೆಯಾದ ಸಮ್‌ಗಿಂತ ಕೆಲವು ಮಾತ್ರೆ ಮುಂಚೆ ಎತ್ತಿಕೊಂಡರೂ ಅದರ ಮುಖ್ಯ ಅಕ್ಷರ ಸಮ್ ಮೇಲೆಯೇ ಬಂದು ಕೂಡುವುದಾದರೆ ಅದು ಎತ್ತುಗಡೆ ಮಾತ್ರ. ಮೂರನೆಯದು ವೇಗದ ಬದಲಾವಣೆ. ದುಗುಣದಲ್ಲಿ ನುಡಿಸಿದಾಗ ಪೆಟ್ಟುಗಳು ಇಮ್ಮಡಿಯಾಗುತ್ತವೆಯೇ ಹೊರತು ಒತ್ತು ಸರಿಯುವುದಿಲ್ಲ.

ಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ಪರಿಭಾಷೆ ‘ಗ್ರಹ’. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಸಮ, ಅತೀತ, ಅನಾಗತ ಎಂಬ ಮೂರು ಗ್ರಹಗಳನ್ನು ಹೇಳುತ್ತಾನೆ. ಹಾಡು ಮತ್ತು ತಾಳ ಒಟ್ಟಿಗೆ ಮೊದಲಾದರೆ ಸಮ, ಹಾಡು ಮೊದಲಾಗಿ ತಾಳ ಅನಂತರ ಬಂದರೆ ಅತೀತ, ತಾಳ ಮೊದಲಾಗಿ ಹಾಡು ಅನಂತರ ಬಂದರೆ ಅನಾಗತ. ಕರ್ನಾಟಕ ಸಂಗೀತ ಈ ಅರ್ಥವನ್ನೇ ಉಳಿಸಿಕೊಂಡಿದೆ. ಹಿಂದೂಸ್ತಾನಿ ತಬಲಾ ವಾದಕರು ಅದೇ ಪದಗಳನ್ನು ಶುರುವಿಗಲ್ಲ, ಮುಗಿತಾಯಕ್ಕೆ ಬಳಸುತ್ತಾರೆ. ಸಮ್ ಕಳೆದ ಮೇಲೆ ಒತ್ತು ಬಂದು ಬಿದ್ದರೆ ಅತೀತ, ಸಮ್‌ಗೆ ಮುಂಚೆಯೇ ಬಿದ್ದರೆ ಅನಾಗತ. ಬಾಗಲಕೋಟೆ ಜಿಲ್ಲೆಯ ಶಾಸ್ತ್ರೀಯ ಪರಂಪರೆ ಹಿಂದೂಸ್ತಾನಿಯಾದ್ದರಿಂದ ಈ ಲೇಖನದಲ್ಲಿ ಎರಡನೆಯ ಅರ್ಥವನ್ನೇ ಇಟ್ಟುಕೊಂಡಿದೆ. ಜನಪದ ವಾದಕರಲ್ಲಿ ಈ ಪದಗಳ ಬಳಕೆಯಿಲ್ಲ. ಒಂದು ನಿರ್ದಿಷ್ಟ ಬಡಿತದ ಮಾದರಿಗೆ ಅವರು ‘ಗತ್ತು’ ಎನ್ನುತ್ತಾರೆ. ಪೆಟ್ಟು ಸರಿದರೆ ಗತ್ತು ಬದಲಾಯಿತು ಎಂದಷ್ಟೇ ಲೆಕ್ಕ.

ಮೂಲ ಮತ್ತು ಇತಿಹಾಸ

ಬಾದಾಮಿ 6ರಿಂದ 8ನೇ ಶತಮಾನದವರೆಗೆ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿನ ಮೊದಲನೆಯ ಗುಹೆಯ ಹೊರಗೋಡೆಯ ಮೇಲೆ ಹದಿನೆಂಟು ಕೈಗಳ ನರ್ತಿಸುವ ಶಿವನಿದ್ದಾನೆ. ಪಕ್ಕದಲ್ಲಿ ನಂದಿ, ಗಣಪತಿ ಮತ್ತು ಚರ್ಮವಾದ್ಯ ನುಡಿಸುವ ವಾದಕನಿದ್ದಾನೆ. ಹುನಗುಂದ ತಾಲ್ಲೂಕಿನ ಐಹೊಳೆಯ ರಾವಣಫಡಿ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಹತ್ತು ಕೈಗಳ ಶಿವ ಕುಣಿಯುತ್ತಾನೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವಿದೆ. ಹಿಂದೆ ವಿಜಯಾದಿತ್ಯ ಗಾಯಕರಿಗೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಅವಳು ಸ್ಥಿರಪಡಿಸಿದ ವಿಷಯ ಅಲ್ಲಿನ ಶಾಸನದಲ್ಲಿದೆ. 8ನೇ ಶತಮಾನದಲ್ಲಿ ಈ ಸೀಮೆಯಲ್ಲಿ ಹಾಡುಗಾರಿಕೆ ರಾಜಮನ್ನಣೆ ಪಡೆದ ವೃತ್ತಿಯಾಗಿತ್ತು ಎಂಬುದಕ್ಕೆ ಇವು ಸಾಕ್ಷಿ. ಆದರೆ ಶಿಲ್ಪ ವಾದ್ಯವನ್ನು ತೋರಿಸಬಲ್ಲದು, ಲಯವನ್ನಲ್ಲ. ಗುಹೆಯ ವಾದಕನ ಕೈಯಲ್ಲಿ ಯಾವ ಮಾತ್ರೆಗೆ ಒತ್ತು ಬೀಳುತ್ತಿತ್ತು ಎಂದು ಕಲ್ಲು ನೋಡಿ ಹೇಳಬರುವುದಿಲ್ಲ.

ಲಯದ ನೇರ ಸಾಕ್ಷ್ಯ ದೊರೆಯುವುದು ಛಂದಸ್ಸಿನಲ್ಲಿ. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳಿವೆ. ಮಾತ್ರೆಗಳು ಇನ್ನೂ ಗಟ್ಟಿಗೊಳ್ಳದ, ಎಳೆದು ಹಾಡುವ ಅಂಶಗಣಗಳ ರಚನೆ ಅದು. 10ನೇ ಶತಮಾನದ ಕೊನೆಗೆ ಒಂದನೆಯ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಇಂಥ ಅಚ್ಚಗನ್ನಡ ಬಂಧಗಳ ಲಕ್ಷಣವನ್ನು ಬರೆದಿಟ್ಟ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ತ್ರಿಪದಿಯನ್ನು ಕುಟ್ಟುವ ಕೆಲಸದೊಡನೆ ಸೇರಿಸಿ ಹೇಳುತ್ತದೆ. ಶಾಸನದ ಬಂಡೆಯಿಂದ ಒರಳಿನವರೆಗೆ ಒಂದೇ ಬಂಧ ನಡೆದುಬಂದಿದೆ.

ಹುನಗುಂದ ತಾಲ್ಲೂಕಿನ ಕೂಡಲಸಂಗಮ ಬಸವಣ್ಣನ ಐಕ್ಯಸ್ಥಳ. ಅವನ ಪ್ರಸಿದ್ಧ ವಚನವೊಂದು ತಾಳದ ಲೆಕ್ಕದ ಪರಿಭಾಷೆಯನ್ನು ಹೆಸರೆತ್ತಿ ಹೇಳಿ, ಅದನ್ನು ಭಕ್ತಿಯ ಮುಂದೆ ಬದಿಗಿಡುತ್ತದೆ. 12ನೇ ಶತಮಾನದ ಕೇಳುಗರಿಗೆ ಆ ಲೆಕ್ಕ ಪರಿಚಿತವಾಗಿತ್ತು ಎಂಬುದಕ್ಕೆ ಆ ವಚನವೇ ಆಧಾರ. ವಚನಕ್ಕೆ ನಿಯತ ಛಂದಸ್ಸಿಲ್ಲ. ಅದನ್ನು ತಾಳಕ್ಕೆ ಕೂಡಿಸಿ ಹಾಡುವವರು ಮಾತಿನ ಒತ್ತನ್ನು ಉಳಿಸಿಕೊಳ್ಳಬೇಕೋ ತಾಳದ ಒತ್ತಿಗೆ ಬಗ್ಗಬೇಕೋ ಎಂಬ ಆಯ್ಕೆಯನ್ನು ಪ್ರತಿ ಸಾಲಿನಲ್ಲೂ ಮಾಡಬೇಕಾಗುತ್ತದೆ. ಇಂದಿನ ವಚನ ಗಾಯನದಲ್ಲಿ ಪಲ್ಲಟ ಹುಟ್ಟುವುದು ಈ ಇಕ್ಕಟ್ಟಿನಿಂದ.

ರಚನೆ

ಪಲ್ಲಟ ಲಯಕ್ಕೆ ಎರಡು ಪದರ ಬೇಕು. ಒಂದು, ಬದಲಾಗದೆ ನಡೆಯುವ ಆಧಾರ: ತಾಳದ ಬಟ್ಟಲು, ತಬಲಾದಲ್ಲಿ ತಾಳವನ್ನು ಹಿಡಿದಿಡುವ ಠೇಕಾ, ಕುಣಿಯುವವನ ಹೆಜ್ಜೆ ಅಥವಾ ಕೇಳುಗನ ಮನಸ್ಸಿನಲ್ಲಿ ಓಡುವ ಎಣಿಕೆ. ಇನ್ನೊಂದು, ಆ ಆಧಾರವನ್ನು ಮೀರಿ ಬೀಳುವ ಒತ್ತು. ಮೊದಲನೆಯದು ಕಳಚಿದರೆ ಎರಡನೆಯದು ಬರಿಯ ತಪ್ಪು ಪೆಟ್ಟಾಗುತ್ತದೆ. ಮೇಳದಲ್ಲಿ ತಾಳ ಹಿಡಿದವನ ಕೆಲಸ ಸುಲಭವೆಂದು ಕಂಡರೂ ಹಲಗಿಯವನಿಗಾಗಲಿ ಡೊಳ್ಳಿನವನಿಗಾಗಲಿ ಸ್ವಾತಂತ್ರ್ಯ ಸಿಗುವುದು ಅವನಿಂದಲೇ.

ಒತ್ತನ್ನು ಸರಿಸುವ ಬಗೆಗಳು ಮುಖ್ಯವಾಗಿ ನಾಲ್ಕು. ಬಲವಾದ ಮಾತ್ರೆಯ ಜಾಗದಲ್ಲಿ ಮೌನ ಇಡುವುದು ಒಂದು. ದುರ್ಬಲ ಮಾತ್ರೆಯಲ್ಲಿ ಎತ್ತಿದ ಸ್ವರವನ್ನೋ ಅಕ್ಷರವನ್ನೋ ಬಲವಾದ ಮಾತ್ರೆಯ ಮೇಲಿಂದ ಎಳೆದುಕೊಂಡು ಹೋಗುವುದು ಇನ್ನೊಂದು. ಮೂರನೆಯದು ದುರ್ಬಲ ಮಾತ್ರೆಗೆ ಗುಂಗಿರುವ ದೊಡ್ಡ ಪೆಟ್ಟು ಕೊಡುವುದು. ನಾಲ್ಕನೆಯದು ಗುಂಪು ಬದಲಿಸುವುದು, ಅಂದರೆ ನಾಲ್ಕು–ನಾಲ್ಕಾಗಿ ಒಡೆಯುವ ಎಂಟು ಮಾತ್ರೆಯನ್ನು ‘ತಕಿಟ ತಕಿಟ ತಕ’ ಎಂದು ಮೂರು–ಮೂರು–ಎರಡಾಗಿ ನುಡಿಸುವುದು, ಅಥವಾ ಮೂರು–ಮೂರಾದ ಆರು ಮಾತ್ರೆಯನ್ನು ಎರಡು–ಎರಡು–ಎರಡಾಗಿ ನುಡಿಸುವುದು.

ಮೂರು–ಮೂರು–ಎರಡರ ಅತ್ಯಂತ ಪರಿಚಿತ ಉದಾಹರಣೆ ಕೆಹರವಾ. ಭಜನೆ, ನಾಟಕದ ಹಾಡು, ಭಾವಗೀತೆ, ಸಿನಿಮಾ ಎಲ್ಲೆಡೆಯೂ ಕೇಳುವ ಈ ಎಂಟು ಮಾತ್ರೆಯ ಠೇಕಾದ ಬೋಲುಗಳು ‘ಧಾ ಗೆ ನಾ ತಿ | ನಾ ಕ ಧಿ ನಾ’. ಕೈ ಲೆಕ್ಕದಲ್ಲಿ ಸಮ್ ಒಂದನೆಯ ಮಾತ್ರೆಗೆ, ಚಪ್ಪಾಳೆಯಿಲ್ಲದೆ ಕೈ ಬೀಸುವ ಖಾಲಿ ಐದನೆಯದಕ್ಕೆ. ಕಿವಿಗೆ ಎದ್ದು ಕೇಳುವುದು ಒಂದನೆಯ ‘ಧಾ’, ನಾಲ್ಕನೆಯ ‘ತಿ’, ಏಳನೆಯ ‘ಧಿ’. ಖಾಲಿಗೆ ಒಂದು ಮಾತ್ರೆ ಮುಂಚೆಯೇ ‘ತಿ’ ಬಂದುಬಿಡುತ್ತದೆ. ತಾಳ ಹಾಕುವ ಕೈ ಒಂದು ಕಡೆ, ತಬಲಾದ ಒತ್ತು ಇನ್ನೊಂದು ಕಡೆ. ಈ ಠೇಕಾ ಅದೆಷ್ಟು ಬಳಕೆಯಾಗಿದೆಯೆಂದರೆ ಇದರಲ್ಲಿ ಪಲ್ಲಟವಿದೆ ಎಂಬುದೇ ಕೇಳುಗರ ಗಮನಕ್ಕೆ ಬರುವುದಿಲ್ಲ.

ಛಂದಸ್ಸಿನಲ್ಲಿ ಪಲ್ಲಟ

ಕನ್ನಡ ಛಂದಸ್ಸು ಈ ವಿದ್ಯಮಾನವನ್ನು ಮೊದಲಿನಿಂದಲೂ ಗುರುತಿಸಿದೆ. ನಾಲ್ಕು ಮಾತ್ರೆಯ ಗಣದಲ್ಲಿ ಒಂದನೆಯ ಮತ್ತು ಮೂರನೆಯ ಮಾತ್ರೆಗಳು ಬಲವಾದವು. ಲಘು–ಗುರು–ಲಘುವಾದ ಜಗಣದಲ್ಲಿ ಗುರು ಎರಡನೆಯ ಮಾತ್ರೆಯಲ್ಲಿ ಹುಟ್ಟಿ ಮೂರನೆಯದನ್ನು ನುಂಗುತ್ತದೆ. ಬಲವಾದ ಮಾತ್ರೆಯಲ್ಲಿ ಹೊಸ ಅಕ್ಷರವೇ ಇರುವುದಿಲ್ಲ. ಪಾಶ್ಚಾತ್ಯ ಸಂಗೀತ ಪಾಠಗಳಲ್ಲಿ ಸಿಂಕೋಪೇಶನ್ನಿಗೆ ಮೊದಲ ಉದಾಹರಣೆಯಾಗಿ ಕೊಡುವ ಹ್ರಸ್ವ–ದೀರ್ಘ–ಹ್ರಸ್ವ ಮಾದರಿಯೂ ಇದೇ.

ಕಂದಪದ್ಯದ ಲಕ್ಷಣ ಈ ಗಣವನ್ನು ಎಲ್ಲೆಂದರಲ್ಲಿ ಬಿಡುವುದಿಲ್ಲ. ಪ್ರತಿ ಅರ್ಧದ ಎಂಟು ಗಣಗಳಲ್ಲಿ ಬೆಸ ಜಾಗಕ್ಕೆ ಜಗಣ ಬರಕೂಡದು. ಆರನೆಯ ಜಾಗಕ್ಕೆ ಮಾತ್ರ ಜಗಣ ಅಥವಾ ನಾಲ್ಕು ಲಘುಗಳ ಗಣ ಬರಲೇಬೇಕು. ಅಂದರೆ ಓಟ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಲಯ ಮಾಮೂಲಿನ ದಾರಿ ಬಿಡಬೇಕೆಂಬುದು ನಿಯಮವೇ ಆಗಿದೆ. ಮಾತ್ರಾಗಣದ ಷಟ್ಪದಿ, ರಗಳೆಗಳಲ್ಲಿ ಗಣದ ಮೊದಲಿಗೆ ಲಘುವಿನ ಮೇಲೆ ಗುರು ಬರಬಾರದೆಂಬ ಕಟ್ಟಳೆಗೂ ಇದೇ ಕಾರಣ. ಮಂದಾನಿಲ ರಗಳೆಯಲ್ಲಿ ನಾಲ್ಕು–ನಾಲ್ಕರ ಸಾಲುಗಳ ನಡುವೆ ಮೂರು–ಐದರ ಸಾಲು ಬರಲು ಅವಕಾಶವಿದೆ. ಎಂಟು ಮಾತ್ರೆಯ ಮೊತ್ತ ಕೆಡದೆ ಒಳಗಿನ ಒತ್ತು ಒಂದು ಮಾತ್ರೆ ಹಿಂದಕ್ಕೆ ಸರಿಯುತ್ತದೆ.

ತ್ರಿಪದಿಯ ವಿಷಯ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಒಟ್ಟು 11 ಗಣಗಳಿವೆ: ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಅಂಶಗಣಗಳು ಮಾತ್ರಾಗಣಗಳಾಗಿ ನೆಲೆನಿಂತ ಮೇಲೆ ವಿಷ್ಣುಗಣಕ್ಕೆ ಸಾಮಾನ್ಯವಾಗಿ ಐದು ಮಾತ್ರೆ, ಬ್ರಹ್ಮಗಣಕ್ಕೆ ಮೂರು. ಮೊದಲ ಸಾಲಿನ ನಾಲ್ಕು ಐದುಗಳು ಕಿವಿಯಲ್ಲಿ ಒಂದು ನಡೆಯನ್ನು ಕೂರಿಸುತ್ತವೆ. ಎರಡನೆಯ ಸಾಲಿನ ಎರಡನೆಯ ಗಣದಲ್ಲಿ ಎರಡು ಮಾತ್ರೆ ಕಡಿಮೆ ಬೀಳುತ್ತದೆ. ಹಾಡುವವರಿಗೆ ಇಲ್ಲಿ ಎರಡು ದಾರಿಗಳಿವೆ. ಅಕ್ಷರವನ್ನು ಎಳೆದು ಐದು ತುಂಬಿಸುವುದು ಒಂದು. ಆಗ ಎಳೆತ ಬಲವಾದ ಮಾತ್ರೆಯ ಮೇಲೆ ಹಾದುಹೋಗುತ್ತದೆ. ಎಳೆಯದೆ ಮುಂದಿನ ಗಣವನ್ನು ಬೇಗನೆ ಎತ್ತಿಕೊಳ್ಳುವುದು ಮತ್ತೊಂದು. ಆಗ ಸಾಲು ಆಧಾರದ ಎಣಿಕೆಗಿಂತ ಎರಡು ಮಾತ್ರೆ ಮುಂದಿರುತ್ತದೆ. ಎರಡನೆಯ ಸಾಲನ್ನು ತಿರುಗಿಸಿ ಹಾಡುವ ರೂಢಿಯಿಂದಾಗಿ ಈ ಸರಿತ ಮತ್ತೊಮ್ಮೆ ಬರುತ್ತದೆ, ಮೂರನೆಯ ಸಾಲಿನ ಹತ್ತನೆಯ ಗಣದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬೀಸುವ ಕಲ್ಲಿನ ಸುತ್ತು ಮಾತ್ರ ತನ್ನ ಪಾಡಿಗೆ ಒಂದೇ ಸಮನೆ ತಿರುಗುತ್ತಿರುತ್ತದೆ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹದಲ್ಲಿ ಅಚ್ಚು ಹಾಕಿಸಿದ್ದು ಇಂಥ ಹಾಡುಗಳ ಮಾತನ್ನು. ಎಳೆತದ ಅಳತೆ ಅಚ್ಚಿಗೆ ಬರುವಂಥದ್ದಲ್ಲ.

ಪ್ರಕಾರಗಳು

ಹಲಗಿ. ಬಾಗಲಕೋಟೆಯ ಹೋಳಿ ಹುಣ್ಣಿಮೆಯ ಮುಖ್ಯ ವಾದ್ಯ ಇದು. ದುಂಡನೆಯ ಚೌಕಟ್ಟಿಗೆ ಒಂದೇ ಮಗ್ಗುಲಲ್ಲಿ ಚರ್ಮ ಬಿಗಿದಿರುತ್ತದೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಹಲಗಿಯನ್ನು ಆನಿಸಿ ಹಿಡಿದ ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ನಡುವೆ ಬಿದ್ದಾಗ ಗುಂಗಿನ ದೊಡ್ಡ ನಾದ, ಕಡ್ಡಿ ಅಂಚಿಗೆ ಬಿದ್ದಾಗ ಒಣ ಚುರುಕು ನಾದ. ಪಲ್ಲಟದ ಗುಟ್ಟೆಲ್ಲ ಈ ಎರಡು ಕೈಗಳ ಹಂಚಿಕೆಯಲ್ಲಿದೆ. ಕಡ್ಡಿ ಸಣ್ಣ ಮಾತ್ರೆಗಳನ್ನು ಬಿಡದೆ ತುಂಬುತ್ತದೆ, ಕೋಲು ತನಗೆ ಬೇಕಾದಲ್ಲಿ ಮಾತ್ರ ಬೀಳುತ್ತದೆ. ಗುಂಪು ಕುಣಿತಕ್ಕೆ ಇಳಿದಾಗ ಕೋಲಿನ ಪೆಟ್ಟು ಹೆಜ್ಜೆ ಊರುವ ಹೊತ್ತಿಗೆ ಬೀಳದೆ ಹೆಜ್ಜೆ ಎತ್ತುವ ಹೊತ್ತಿಗೆ ಬಿದ್ದರೆ ಕುಣಿತದ ಬೀಸು ಹೆಚ್ಚುತ್ತದೆ. ಆರು ಮಾತ್ರೆಯ ಓಟದಲ್ಲಿ ಮೂರು–ಮೂರನ್ನು ಎರಡು–ಎರಡು–ಎರಡಕ್ಕೆ ಹೊರಳಿಸಿ ಮತ್ತೆ ಮರಳುವುದು ಗತ್ತು ಬದಲಿಸುವ ಒಂದು ಬಗೆ. ಚರ್ಮ ತಣ್ಣಗಾದರೆ ನಾದ ಇಳಿಯುತ್ತದೆ, ಎರಡು ಪೆಟ್ಟುಗಳ ನಡುವಿನ ಭೇದವೂ ಮಸುಕಾಗುತ್ತದೆ. ಅದಕ್ಕಾಗಿ ನಡುನಡುವೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ.

ಬಾಗಲಕೋಟೆಯಲ್ಲಿ ಹೋಳಿ ಹಲವು ದಿನಗಳ ಹಬ್ಬ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಮುಂತಾದ ಓಣಿಗಳವರು ತುರಾಯಿ ಹಲಗಿ ಮೇಳ, ಸೋಗಿನ ಬಂಡಿ, ಬಣ್ಣದ ಬಂಡಿಗಳೊಡನೆ ಸರದಿಯ ಮೇಲೆ ಹೊರಡುತ್ತಾರೆ. ಹಬ್ಬದಲ್ಲಿ ಎಲ್ಲ ಜಾತಿಯವರೂ ಹಲಗಿ ಹಿಡಿಯುತ್ತಾರೆ. ವರ್ಷದ ಉಳಿದ ದಿನಗಳ ಕತೆ ಬೇರೆ. ಡಂಗುರ, ಸಾವು, ಜಾತ್ರೆಗಳಿಗೆ ಹಲಗಿ ಬಡಿಯುವುದನ್ನು ಊರು ದಲಿತ ಕುಟುಂಬಗಳ ಮೇಲೆ ಬಿಟ್ಟಿ ಚಾಕರಿಯಾಗಿ ಹೊರಿಸಿತ್ತು. ಈ ವಾದ್ಯದ ಅತ್ಯಂತ ನುರಿತ ಕೈಗಳು ಬೆಳೆದದ್ದೂ ಆ ಮನೆಗಳಲ್ಲಿಯೇ. ಹಲಗಿಯನ್ನು ಕಲೆಯಾಗಿ ವೇದಿಕೆಗೆ ತರಬೇಕೋ, ಜೀತದ ಗುರುತಾಗಿ ಕೆಳಗಿಡಬೇಕೋ ಎಂಬುದು ದಲಿತ ಚಳವಳಿಯೊಳಗೆ ನಡೆದುಬಂದ ಚರ್ಚೆ.

ಕರಡಿ ಮಜಲು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕೊಪ್ಪಳ ಜಿಲ್ಲೆಗಳ ಮೆರವಣಿಗೆ ವಾದನ. ಕೊರಳಿಗೆ ತೂಗುಹಾಕಿಕೊಳ್ಳುವ ಎರಡು ಮುಖದ ಕರಡಿ, ದಿಮ್ಮು, ತಾಳ, ಶಹನಾಯಿ ಮತ್ತು ಶ್ರುತಿ ಇದರ ವಾದ್ಯಗಳು. ವಿಳಂಬದಲ್ಲಿ ಮೊದಲಾಗಿ ಹಂತಹಂತವಾಗಿ ವೇಗಕ್ಕೇರುತ್ತದೆ. ಶಹನಾಯಿಯವನು ಉಸಿರು ಕಡಿಯದೆ ಸ್ವರವನ್ನು ತಾಳದ ಪೆಟ್ಟುಗಳ ಮೇಲಿಂದ ಎಳೆದುಕೊಂಡು ಹೋಗುತ್ತಾನೆ. ಆ ಎಳೆತದ ಕೆಳಗೆ ಕರಡಿ ಪೆಟ್ಟುಗಳನ್ನು ಒಡೆಯುತ್ತದೆ. ಚರ್ಮವಾದ್ಯವಲ್ಲದೆ ರಾಗವಾದ್ಯವೂ ಪಲ್ಲಟದಲ್ಲಿ ಪಾಲುಗೊಳ್ಳುವುದು ಇದರ ವಿಶೇಷ. ಲಿಂಗಾಯತ ಮಠಗಳ ಜಾತ್ರೆ, ಪಲ್ಲಕ್ಕಿ ಉತ್ಸವ, ಮದುವೆಗಳಲ್ಲಿ ಇದನ್ನು ಕರೆಸುವುದು ವಾಡಿಕೆ. ವೀರಭದ್ರನ ಪುರವಂತರು ಒಡಪು ಹೇಳುವಾಗಲೂ ಕರಡಿ, ಸಮಾಳಗಳು ಜೊತೆಗಿರುತ್ತವೆ. ಅಲ್ಲಿ ವಾದ್ಯ ಮಾತಿನ ಸಂದುಗಳಲ್ಲಿ ನುಗ್ಗಿ ನಿಲ್ಲುತ್ತದೆ.

ಡೊಳ್ಳು. ಬೀರದೇವರ ಗುಡಿಗಳ ಸುತ್ತ ಹಾಲುಮತದವರು ಬೆಳೆಸಿದ ಕಲೆ. ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಡೊಳ್ಳು ಕುಣಿತದಲ್ಲಿ ಇಡೀ ಗುಂಪು ಒಂದೇ ಪೆಟ್ಟು ಹೊಡೆಯಬೇಕಾದ್ದರಿಂದ ಪಲ್ಲಟ ಹೆಚ್ಚಾಗಿ ಮೌನದ ಮೂಲಕ ಬರುತ್ತದೆ: ಎಲ್ಲರೂ ಒಟ್ಟಿಗೆ ಒಂದು ಪೆಟ್ಟು ಬಿಟ್ಟು ಮುಂದಿನ ದುರ್ಬಲ ಮಾತ್ರೆಗೆ ಎರಗುತ್ತಾರೆ. ಡೊಳ್ಳಿನ ಪದದಲ್ಲಿ ಹಾಡು ಮುಖ್ಯ, ಕುಣಿತ ಗೌಣ. ಅಲ್ಲಿ ವಾದ್ಯ ಸಾಲು ಮುಗಿದ ಮೇಲೆ ಮಾತ್ರ ಗತ್ತು ತೋರಿಸುತ್ತದೆ.

ಗೀಗೀ ಪದ. ದಪ್ಪು, ತುಂತುಣಿ, ತಾಳಗಳ ಮೇಳ. ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು–ಜವಾಬಿನಲ್ಲಿ ವಾದಿಸುತ್ತವೆ. ಮುಖ್ಯ ಗಾಯಕನ ಸಾಲು ಪೂರ್ತಿ ಮುಗಿಯುವ ಮೊದಲೇ ಹಿಮ್ಮೇಳದವರು ‘ಗೀ ಗೀ’ ಎಂದು ಎತ್ತಿಕೊಳ್ಳುವುದರಿಂದ ಎರಡು ದನಿಗಳು ಒಂದರ ಮೇಲೊಂದು ಏರುತ್ತವೆ. ತುಂತುಣಿಯ ಒಂದೇ ತಂತಿ ಬಿಡದೆ ಮಿಡಿಯುತ್ತ ಆಧಾರದ ಎಣಿಕೆ ಹಿಡಿದಿರುತ್ತದೆ.

ಮೊಹರಮ್ಮಿನ ಹೆಜ್ಜೆ ಮೇಳ, ರಿವಾಯತ್ ಪದ, ಸವದತ್ತಿ ಎಲ್ಲಮ್ಮನ ಭಕ್ತರ ಚೌಡಿಕೆ ಪದಗಳಲ್ಲೂ ಪಲ್ಲಟವುಂಟು. ಚೌಡಿಕೆಯ ತಂತಿಯ ಬಿಗಿ ಹೆಚ್ಚುಕಡಿಮೆ ಮಾಡಿದಂತೆ ನಾದ ಜಾರುವುದರಿಂದ ಒತ್ತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಅಲ್ಲಿ ಕಷ್ಟ.

ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯಿಂದ ಮೊದಲಾಗಿ, ಕುಲಗೋಡ ತಮ್ಮಣ್ಣನಿಂದ ಹಬ್ಬಿದ ಸಣ್ಣಾಟ. ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಇದರ ಮೇಳಗಳು ಹೆಚ್ಚು. ಕೌಜಲಗಿ ನಿಂಗಮ್ಮ, ಲೋಕಾಪುರದ ಅಪ್ಪಾಲಾಲ್ ನದಾಫ್ ಇದರ ಹೆಸರಾಂತ ಕಲಾವಿದರು. ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳದಲ್ಲಿ ಹಿಂದೂಸ್ತಾನಿ ರಾಗಗಳೂ ಹಳ್ಳಿಯ ಮಟ್ಟುಗಳೂ ಸೇರಿವೆ. ಪಾತ್ರಧಾರಿ ಹಾಡಿನ ನಡುವೆ ಮಾತಿಗೆ ಇಳಿದು ಮತ್ತೆ ಹಾಡಿಗೆ ಬರುವಾಗ ಸಮ್ ಹಿಡಿಯದೆ ಸಂದಿನಲ್ಲಿ ಎತ್ತಿಕೊಳ್ಳುವುದುಂಟು. ಸತ್ಯಭಾಮೆಯ ಸಿಡುಕಿಗೆ, ದೂತಿಯ ಕುಚೋದ್ಯಕ್ಕೆ ಈ ಎತ್ತುಗೆ ಒದಗಿಬರುತ್ತದೆ.

ಹಿಂದೂಸ್ತಾನಿ ಸಂಗೀತ. ಈ ಸೀಮೆಯ ಶಾಸ್ತ್ರೀಯ ಕಲಿಕೆಗೆ ಹತ್ತಿರದ ಕೇಂದ್ರ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಶಿಷ್ಯರು ಸುತ್ತಲಿನ ಜಿಲ್ಲೆಗಳ ಶಾಲೆ, ಮಠ, ನಾಟಕ ಕಂಪನಿಗಳಲ್ಲಿ ಹರಡಿದ್ದಾರೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಪಲ್ಲಟಕ್ಕೆ ಲಯಕಾರಿ ಎಂಬ ವ್ಯವಸ್ಥಿತ ರೂಪವಿದೆ. ಎರಡು ಮಾತ್ರೆಯಲ್ಲಿ ಮೂರು ಪೆಟ್ಟು ಕೂರಿಸಿದರೆ ಆಡ, ನಾಲ್ಕರಲ್ಲಿ ಐದಾದರೆ ಕುಆಡ, ನಾಲ್ಕರಲ್ಲಿ ಏಳಾದರೆ ಬಿಆಡ. ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮ್‌ಗೆ ಬಂದು ಸೇರುವುದು. 16 ಮಾತ್ರೆಯ ತೀನತಾಳದಲ್ಲಿ ಐದು ಮಾತ್ರೆಯ ತುಣುಕನ್ನು ಒಂದೊಂದು ಮಾತ್ರೆ ಬಿಡುವು ಕೊಟ್ಟು ನುಡಿಸಿದರೆ ಅದು 1, 7, 13ನೆಯ ಮಾತ್ರೆಗಳಲ್ಲಿ ಶುರುವಾಗಿ 17ನೆಯದರಲ್ಲಿ, ಅಂದರೆ ಮುಂದಿನ ಆವರ್ತದ ಸಮ್ ಮೇಲೆ ಮುಗಿಯುತ್ತದೆ. ನಡುವಿನ ತುಣುಕು ವಿಭಾಗದ ಗಡಿಗಳಾದ 5, 9ಕ್ಕೆ ಎಲ್ಲೂ ಹೊಂದುವುದಿಲ್ಲ. ಈ ಹೊಂದದ ಗಳಿಗೆಯೇ ಸಮ್ ಮೇಲಿನ ಕೂಡುವಿಕೆಗೆ ಬಲ ಕೊಡುವುದು.

ಕೆಲವು ತಾಳಗಳ ಹೊಂದಿಕೆಯಲ್ಲಿಯೇ ಪಲ್ಲಟವಿದೆ. ಏಳು ಮಾತ್ರೆಯ ರೂಪಕದಲ್ಲಿ ಸಮ್ ಇರುವ ಕಡೆಯೇ ಖಾಲಿ. ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ಗುಂಗು ಕೇಳಿಸುವುದು ನಾಲ್ಕನೆಯ ಮಾತ್ರೆಗೆ. 14 ಮಾತ್ರೆಯ ಧಮಾರದಲ್ಲಿ ಸಮ್ ಮೇಲೆ ‘ಕ’ ಎಂಬ ಮುಚ್ಚಿದ ಪೆಟ್ಟು, ‘ಧಾ’ ಬರುವುದು ಆರನೆಯದಕ್ಕೆ. ಉತ್ತರ ಭಾರತದಲ್ಲಿ ಹೋರಿ ಹಾಡುಗಳನ್ನು ಹಾಡುವುದು ಇದೇ ಧಮಾರದಲ್ಲಿ. ಹೋಳಿಗೂ ಜಾಗ ಬಿಟ್ಟು ಬೀಳುವ ಪೆಟ್ಟಿಗೂ ಅಲ್ಲಿಯೂ ನಂಟಿರುವುದು ಗಮನಿಸತಕ್ಕದ್ದು.

ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ರಂಗಭೂಮಿಯ ಹಿನ್ನೆಲೆಯಿಂದ ಬಂದು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ನಾಟಕ ಕಂಪನಿಗಳ ಸಂಗೀತದಲ್ಲಿ ದಾದರಾ, ಕೆಹರವಾಗಳದೇ ರಾಜ್ಯ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ವರ್ಷವರ್ಷವೂ ಬೀಡುಬಿಡುವ ಕಂಪನಿಗಳಲ್ಲಿ ತಬಲಾ ಸಾಥಿಗಳು ಹಾಸ್ಯದ ಮಾತಿಗೆ ಎಡೆಪೆಟ್ಟು ಕೊಡುವ ಕಲೆಯನ್ನು ಚೆನ್ನಾಗಿ ಪಳಗಿಸಿಕೊಂಡಿದ್ದಾರೆ.

ಇತರ ಸಂಗೀತಗಳಲ್ಲಿ

ಕರ್ನಾಟಕ ಸಂಗೀತದ ದೇಶಾದಿ, ಮಧ್ಯಾದಿ ತಾಳಗಳಲ್ಲಿ ಹಾಡು ಕ್ರಮವಾಗಿ ಒಂದೂವರೆ ಮತ್ತು ಅರ್ಧ ಅಕ್ಷರ ಕಳೆದ ಮೇಲೆ ಎತ್ತಿಕೊಳ್ಳುತ್ತದೆ. ತ್ಯಾಗರಾಜರ ಹಲವು ಕೃತಿಗಳು ಹೀಗಿವೆ. ಇದು ಮೂಲತಃ ಎತ್ತುಗಡೆಯಾದರೂ ಸಾಲಿನುದ್ದಕ್ಕೂ ಒತ್ತು ಸಂದಿನಲ್ಲಿಯೇ ಉಳಿಯುವುದರಿಂದ ಪಲ್ಲಟದ ಲೆಕ್ಕಕ್ಕೂ ಸೇರುತ್ತದೆ.

ಯುರೋಪಿನಲ್ಲಿ 14ನೇ ಶತಮಾನದ ಫ್ರೆಂಚ್ ಸಂಗೀತದಿಂದ ಮೊದಲ್ಗೊಂಡು ಬೀಥೋವನ್ನನ ಕೃತಿಗಳವರೆಗೆ ಇದು ಉದ್ದಕ್ಕೂ ಕಾಣುತ್ತದೆ. ಸ್ಟ್ರಾವಿನ್ಸ್ಕಿಯ 1913ರ ‘ರೈಟ್ ಆಫ್ ಸ್ಪ್ರಿಂಗ್’ ಒತ್ತುಗಳನ್ನು ಊಹೆಗೆ ನಿಲುಕದಂತೆ ಚದುರಿಸಿತು. ಆದರೆ ಪಲ್ಲಟವನ್ನು ಜಗತ್ತಿನ ಜನಪ್ರಿಯ ಸಂಗೀತದ ನಡುಗಂಬವಾಗಿಸಿದ್ದು ಗುಲಾಮರಾಗಿ ಅಮೆರಿಕ ಖಂಡಗಳಿಗೆ ಒಯ್ಯಲ್ಪಟ್ಟ ಆಫ್ರಿಕನ್ನರ ಸಂತತಿ. ಸ್ಕಾಟ್ ಜಾಪ್ಲಿನ್‌ನ 1899ರ ‘ಮೇಪಲ್ ಲೀಫ್ ರ‍್ಯಾಗ್’ನಲ್ಲಿ ಎಡಗೈ ಸಮಪೆಟ್ಟು ಹಿಡಿದರೆ ಬಲಗೈ ಸಂದುಗಳಲ್ಲಿ ಓಡುತ್ತದೆ. ಜಾಜ್, ಕ್ಯೂಬಾದ ಸೋನ್, ಬ್ರೆಜಿಲಿನ ಸಾಂಬಾ, ಜಮೈಕಾದ ರೆಗೆ, ಫಂಕ್ ಇವೆಲ್ಲ ಇದೇ ನೆಲೆಯವು. ಕ್ಯೂಬಾದ ಸಂಗೀತದಲ್ಲಿ ಎಲ್ಲೆಲ್ಲೂ ಕೇಳುವ ಮೂರು–ಮೂರು–ಎರಡರ ಗುಂಪು ಕೆಹರವಾದ ಗುಂಪೇ. ಎರಡೂ ಒಂದೇ ಮೂಲದಿಂದ ಬಂದವೆಂದು ಇಷ್ಟರಿಂದಲೇ ಹೇಳಲಾಗದು; ಎಂಟನ್ನು ಹತ್ತಿರ ಹತ್ತಿರ ಸಮನಾದ ಮೂರು ಪಾಲಾಗಿ ಒಡೆಯಲು ಹೊರಟವರಿಗೆ ಬೇರೆ ದಾರಿ ಹೆಚ್ಚಿಲ್ಲ. ಕರ್ನಾಟಕದೊಳಗೆ ಆಫ್ರಿಕಾ ಮೂಲದ ಸಮುದಾಯವೆಂದರೆ ಉತ್ತರ ಕನ್ನಡದ ಸಿದ್ದಿಗಳು; ಅವರ ಡಮಾಮಿ ವಾದನ ಬೇರೆಯೇ ಅಧ್ಯಯನದ ವಿಷಯ.

ಬಳಕೆ

ಪಲ್ಲಟ ಲಯದ ಮೊದಲ ಬಳಕೆ ಕುಣಿತಕ್ಕೆ. ಪೆಟ್ಟು ಬಿದ್ದ ಕಡೆಗೆ ಹೆಜ್ಜೆ ಬಿದ್ದರೆ ಅದು ನಡಿಗೆ. ಪೆಟ್ಟಿಲ್ಲದ ಕಡೆಯನ್ನು ಮೈ ತುಂಬಿಕೊಂಡಾಗ ಕುಣಿತವಾಗುತ್ತದೆ. ಎರಡನೆಯದು ಮೆರವಣಿಗೆಯಲ್ಲಿ. ಗಂಟೆಗಟ್ಟಲೆ ಒಂದೇ ಎಣಿಕೆಯಲ್ಲಿ ನಡೆಯುವ ಪಲ್ಲಕ್ಕಿಯ ಮುಂದೆ ಗತ್ತು ಬದಲಾಗುತ್ತಿದ್ದರೆ ನಡೆಯುವವರ ಹುರುಪು ಉಳಿಯುತ್ತದೆ. ರಂಗದ ಮೇಲೆ ಮಾತಿಗೆ ಚುರುಕು ತರಲು, ಶಾಸ್ತ್ರೀಯ ಕಛೇರಿಯಲ್ಲಿ ಗಾಯಕ ಮತ್ತು ತಬಲಾದವರ ನಡುವೆ ಎದುರುಬದುರು ಹೂಡಲು ಇದು ಬೇಕು.

ದುಡಿಮೆಯಲ್ಲಿ ಇದರ ಪಾತ್ರ ಬೀಸುವ, ಕುಟ್ಟುವ ಪದಗಳಿಗೆ ಸೇರಿದ್ದು. ಇಳಕಲ್ಲು ಸೀರೆಯ, ಗುಳೇದಗುಡ್ಡದ ಖಣದ ಕುಣಿಮಗ್ಗದಲ್ಲಿ ಕಾಲಿನ ತುಳಿತ, ಲಾಳಿಯ ಓಟ, ಹಣಿಗೆಯ ಬಡಿತ ಒಂದಾದ ಮೇಲೊಂದು ಬೀಳುವುದರಿಂದ ಅಲ್ಲಿಯೂ ಒಂದು ಒಡೆದ ಲಯ ಕೇಳಿಸುತ್ತದೆ. ಅದು ಕೆಲಸದ ಸಪ್ಪಳವೇ ಹೊರತು ಸಂಗೀತ ಪ್ರಕಾರವಲ್ಲ.

ಕಲಿಕೆ ಮತ್ತು ಬರಹ

ಹಿಂದೂಸ್ತಾನಿ ತಾಳಗಳಿಗೆ ಭಾತಖಂಡೆ ಪದ್ಧತಿಯ ಬರಹವಿದೆ: ಸಮ್‌ಗೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ, ಉಳಿದ ತಾಳಿಗಳಿಗೆ ಅಂಕಿ. ಮಾತ್ರೆಯೊಳಗಿನ ಭಾಗಗಳನ್ನು ಕೆಳಗಿನ ಬಿಲ್ಲುಗೆರೆಯಿಂದ ಕೂಡಿಸುತ್ತಾರೆ. ಆಡ, ಕುಆಡಗಳನ್ನು ಹೀಗೆ ಬರೆದು ತೋರಿಸಬಹುದು. ಹಲಗಿ, ಕರಡಿ, ಡೊಳ್ಳುಗಳಿಗೆ ಅಂಥ ಬರಹ ರೂಢಿಯಲ್ಲಿಲ್ಲ. ಹಿರಿಯರು ಗತ್ತನ್ನು ಬಾಯಿಯಲ್ಲಿ ನುಡಿದು ಕಲಿಸುತ್ತಾರೆ, ಕಲಿಯುವವನು ತೊಡೆಯ ಮೇಲೆ ಬಡಿದು ಹಿಡಿಯುತ್ತಾನೆ. ಹಬ್ಬದ ಹಿಂದಿನ ವಾರಗಳಲ್ಲಿ ಓಣಿಯ ಹುಡುಗರು ಹಲಗಿ ಕಲಿಯುವುದು ಹೀಗೆಯೇ. 2011ರಲ್ಲಿ ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜನಪದ ಕಲೆಗಳಿಗೆಂದೇ ಮೀಸಲಾದ ಸಂಸ್ಥೆ.

ಈಗಿನ ಸ್ಥಿತಿ

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ಜನ ನವನಗರಕ್ಕೆ ಸರಿದರು. ಓಣಿಗಳು ಚದುರಿದರೂ ಹೋಳಿಯ ಸರದಿ ಓಣಿಯ ಹೆಸರಿನಲ್ಲಿಯೇ ನಡೆಯುತ್ತದೆ. ಹಲಗಿಯಲ್ಲಿ ಚರ್ಮದ ಜಾಗಕ್ಕೆ ಫೈಬರ್ ಹಾಳೆ, ಬೆಂಕಿಯ ಜಾಗಕ್ಕೆ ಬಿಗಿಮಾಡುವ ಬೋಲ್ಟು ಬಂದಿವೆ. ಮಳೆ, ತೇವಕ್ಕೆ ಇದು ಜಗ್ಗುವುದಿಲ್ಲ. ಆದರೆ ಫೈಬರಿನ ನಾದ ಎತ್ತರದ್ದು, ಗುಂಗು ಕಡಿಮೆ. ಕೋಲಿನ ಪೆಟ್ಟಿಗೂ ಕಡ್ಡಿಯ ಪೆಟ್ಟಿಗೂ ಅಂತರ ಕುಗ್ಗಿದೆ. ಗುಂಗಿನ ಒತ್ತನ್ನೇ ನಂಬಿದ ಗತ್ತುಗಳಿಗೆ ಇದು ನಷ್ಟ, ವೇಗದ ಗತ್ತುಗಳಿಗೆ ಲಾಭ.

ಮೆರವಣಿಗೆಗಳಲ್ಲಿ ಝಾಂಜ್ ಮೇಳ, ಬ್ಯಾಂಜೊ, ಡಿಜೆ ಮೂರೂ ಹಲಗಿ ಮತ್ತು ಕರಡಿಯ ಪಾಲನ್ನು ಹಂಚಿಕೊಂಡಿವೆ. ಉತ್ತರ ಕರ್ನಾಟಕದ ಜಾನಪದ ಶೈಲಿಯ ಹೊಸ ಹಾಡುಗಳು ಯೂಟ್ಯೂಬ್ ಮೂಲಕ ಹರಡುತ್ತಿದ್ದು, ಅವುಗಳಲ್ಲಿ ಹಲಗಿಯ ಗತ್ತನ್ನು ರಿದಮ್ ಪ್ಯಾಡಿನ ಮೇಲೆ ಅಥವಾ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಅಲ್ಲಿನ ತಂತ್ರಾಂಶ, ಬೇಕೆಂದರೆ, ಪ್ರತಿ ಪೆಟ್ಟನ್ನೂ ಹತ್ತಿರದ ಮಾತ್ರೆಯ ಗೆರೆಗೆ ತಾನೇ ಕೂರಿಸುತ್ತದೆ. ಮೂರು–ಮೂರು–ಎರಡರಂಥ ಎಣಿಸಬಹುದಾದ ಪಲ್ಲಟ ಇದರಿಂದ ಕೆಡುವುದಿಲ್ಲ. ಕೆಡುವುದು ಎಣಿಕೆಗೆ ಸಿಗದ ಭಾಗ: ಕೋಲು ಕೂದಲೆಳೆಯಷ್ಟು ತಡವಾಗಿ ಬೀಳುವುದು, ಕಡ್ಡಿ ಅಷ್ಟೇ ಮುಂದಾಗುವುದು. ಕೆಲವು ಧ್ವನಿಮುದ್ರಕರು ಈ ಕಾರಣಕ್ಕೆ ಆ ಸೌಲಭ್ಯವನ್ನು ನಿಲ್ಲಿಸಿಟ್ಟು, ಹಲಗಿಯವರನ್ನೇ ಸ್ಟುಡಿಯೊಗೆ ಕರೆಸಿ ನುಡಿಸುತ್ತಾರೆ.

ಬೀಸುವ ಕಲ್ಲು ಮನೆಗಳಿಂದ ಮರೆಯಾದ ಮೇಲೆ ತ್ರಿಪದಿಯ ಹಾಡುಗಾರಿಕೆ ಮದುವೆ, ಸೀಮಂತ, ತೊಟ್ಟಿಲ ಶಾಸ್ತ್ರಗಳಿಗೂ ಆಕಾಶವಾಣಿ, ಜನಪದ ಉತ್ಸವಗಳ ವೇದಿಕೆಗೂ ಸೀಮಿತವಾಗಿದೆ. ವೇದಿಕೆಯ ಮೇಲೆ ಹಾರ್ಮೋನಿಯಂ ಮತ್ತು ತಬಲಾ ಜೊತೆಗೂಡಿದಾಗ ಬ್ರಹ್ಮಗಣದ ಮೂರು ಮಾತ್ರೆಗಳನ್ನು ಠೇಕಾದ ಅಳತೆಗೆ ತುಂಬಿಸಿ ಹಾಡುವುದು ಈಗ ಸಾಮಾನ್ಯ. ಸರ್ಕಾರ ನಡೆಸುವ ಚಾಲುಕ್ಯ ಉತ್ಸವದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಕರಡಿ ಮಜಲು, ಡೊಳ್ಳು, ಹಲಗಿ ಮೇಳಗಳಿಗೆ ಶಾಸ್ತ್ರೀಯ ಕಛೇರಿಗಳ ಜೊತೆಗೇ ಜಾಗ ಸಿಗುತ್ತದೆ.